ಸಂಪಾದಕರ ಉತ್ತರ: ‘ರಹಸ್ಯ’ ಎಂಬ ಮೊಹರೊಂದೇ ಸಾಲದು

ಮಾನ್ಯರೇ,

ಸೋರಿಕೆಯಾದ ಸರ್ಕಾರಿ ಕಡತಗಳನ್ನು ಜನರ ಹಿತಕ್ಕಾಗಿ ಪ್ರಕಟಿಸುವವರಿಗೆ ಕಾನೂನಿನ ರಕ್ಷಣೆ ಇರಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದುದನ್ನು ಓದಿ, ನೀವು ಗಂಗಾವತಿಯಿಂದ ನಾಲ್ಕು ಪುಟಗಳ ಪತ್ರ ಕಳಿಸಿದ್ದೀರಿ. ನಿಮ್ಮ ಮಗ ಗಡಿಯಲ್ಲಿ ಕರ್ತವ್ಯದಲ್ಲಿದ್ದಾನೆ. “ಕದ್ದು ತಂದ ಕಾಗದವನ್ನು ಅಚ್ಚು ಹಾಕಿದವನನ್ನು ಸರ್ಕಾರವೇ ಕಾಪಾಡಬೇಕೆಂದರೆ ಕಳ್ಳನ ಕೈಗೆ ಕೀಲಿಕೈ ಕೊಟ್ಟ ಹಾಗಾಗುವುದಿಲ್ಲವೇ?” ಎಂದು ಕೇಳಿದ್ದೀರಿ. ಸೈನಿಕನ ತಂದೆ ಕೇಳಿದ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಸೈನ್ಯದ ತುಕಡಿ ಯಾವ ದಾರಿಯಲ್ಲಿ ಸಾಗುತ್ತದೆ, ಶತ್ರುವಿನ ಸುದ್ದಿ ತಂದುಕೊಡುವವರು ಯಾರು ಎಂಬುದನ್ನು ಬಯಲು ಮಾಡುವವರಿಗೆ ನಾನು ರಕ್ಷಣೆ ಕೇಳುತ್ತಿಲ್ಲ. ಈ ವಿಷಯದಲ್ಲಿ ನಿಮಗೂ ನನಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಆದರೆ ನಮ್ಮ ಕಾನೂನು ಅಷ್ಟಕ್ಕೇ ನಿಂತಿಲ್ಲ. ಬ್ರಿಟಿಷರ ಕಾಲದ 1923ರ ಸರ್ಕಾರಿ ರಹಸ್ಯಗಳ ಕಾಯ್ದೆಯಲ್ಲಿ ಬೇಹುಗಾರಿಕೆಗೆಂದು 3ನೇ ಕಲಂ ಪ್ರತ್ಯೇಕವಾಗಿಯೇ ಇದೆ. ಪತ್ರಿಕೆಯವರ ಕೊರಳಿಗೆ ಬೀಳುವುದು 5ನೇ ಕಲಂ. ಕಾಗದ ಕೊಟ್ಟ ಗುಮಾಸ್ತನ ಜೊತೆಗೆ, ಅದು ಸಲ್ಲದ ದಾರಿಯಲ್ಲಿ ಬಂದದ್ದೆಂದು ತಿಳಿದೂ ಪಡೆದುಕೊಂಡವನನ್ನೂ ಅದು ಅಪರಾಧಿಯೆನ್ನುತ್ತದೆ. ರಹಸ್ಯವೆಂದರೆ ಏನು ಎಂಬುದಕ್ಕೆ ಆ ಕಾಯ್ದೆಯಲ್ಲಿ ವ್ಯಾಖ್ಯೆಯಿಲ್ಲ. ಜನರ ಒಳಿತಿಗಾಗಿ ಪ್ರಕಟಿಸಿದೆನೆಂದು ಹೇಳಿ ಪಾರಾಗಲು ಅದು ದಾರಿಯನ್ನೂ ಇಟ್ಟಿಲ್ಲ. 2002ರಲ್ಲಿ ದೆಹಲಿಯ ಪತ್ರಕರ್ತ ಇಫ್ತಿಕಾರ್ ಗಿಲಾನಿ ಇದೇ ಕಾಯ್ದೆಯಡಿ ಏಳು ತಿಂಗಳು ಜೈಲಿನಲ್ಲಿದ್ದರು. ಅವರ ಕಂಪ್ಯೂಟರಿನಲ್ಲಿ ಸಿಕ್ಕ ಮಾಹಿತಿ ಅದಾಗಲೇ ಪಾಕಿಸ್ತಾನದಲ್ಲಿ ಅಚ್ಚಾಗಿ ಎಲ್ಲರಿಗೂ ಸಿಗುತ್ತಿತ್ತೆಂದು ಗೊತ್ತಾದ ಮೇಲೆ ಸರ್ಕಾರ ಮೊಕದ್ದಮೆಯನ್ನು ಹಿಂದೆ ಪಡೆಯಿತು. ಹೋದ ಏಳು ತಿಂಗಳು ಹೋದವೇ.

ನಮ್ಮ ಬಳ್ಳಾರಿಯ ಮಾತಿಗೆ ಬರುತ್ತೇನೆ. ಅದಿರಿನ ಲಾರಿಗಳು ಹಗಲು ರಾತ್ರಿಯೆನ್ನದೆ ಓಡುತ್ತಿದ್ದ, ಕಿಟಕಿ ಮುಚ್ಚಿದರೂ ಮೇಜಿನ ಮೇಲೆ ಕೆಂಪು ಧೂಳು ಕೂರುತ್ತಿದ್ದ ವರ್ಷಗಳಲ್ಲಿ, ಒಂದು ಸಂಜೆ ಒಬ್ಬರು ನಮ್ಮ ಕಚೇರಿಗೆ ಬಂದು, ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಒಂಬತ್ತು ಜೆರಾಕ್ಸ್ ಹಾಳೆಗಳನ್ನು ಮೇಜಿನ ಮೇಲಿಟ್ಟರು. ಕೂರಲಿಲ್ಲ, ತರಿಸಿದ ಚಹಾ ಕುಡಿಯಲಿಲ್ಲ. ಪ್ರತಿ ಹಾಳೆಯ ಬಲಗಡೆ ಮೇಲಿನಿಂದ ಕೆಳಗಿನವರೆಗೆ ಕೂದಲಿನಷ್ಟು ತೆಳುವಾದ ಒಂದು ಕಪ್ಪು ಗೆರೆಯಿತ್ತು. ಅದು ಯಂತ್ರದ ಗಾಜಿನ ಮೇಲಿನ ಗೀರು. ಆ ಗೆರೆ ಕಂಡರೆ ಪ್ರತಿ ಯಾವ ಯಂತ್ರದಿಂದ ಬಂತು, ಆ ಯಂತ್ರದ ಪಕ್ಕ ಯಾರು ಕೂರುತ್ತಾರೆ ಎಂಬುದು ಆ ಕಚೇರಿಯವರಿಗೆ ತಕ್ಷಣ ತಿಳಿಯುತ್ತಿತ್ತು. ಆದ್ದರಿಂದ ಹಾಳೆಗಳ ಚಿತ್ರ ಹಾಕದೆ, ಅಂಚಿನಲ್ಲಿದ್ದ ಷರಾಗಳನ್ನೂ ಬಿಟ್ಟು, ಅಂಕಿಅಂಶಗಳನ್ನಷ್ಟೇ ನಮ್ಮ ಅಕ್ಷರದಲ್ಲಿ ಪ್ರಕಟಿಸಿದೆವು. ವಾರದೊಳಗೆ ಆ ಕಚೇರಿಯ ಎಲ್ಲ ಯಂತ್ರಗಳಿಂದಲೂ ಮಾದರಿ ಪ್ರತಿ ತೆಗೆಸಿದರೆಂದು ಕೇಳಿದೆ. ಹಾಳೆಯಲ್ಲಿದ್ದುದು ನಿಜವೇ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ. ನಿಮ್ಮ ಪತ್ರದ ‘ಕಳ್ಳ’ ಎಂಬ ಪದ ಓದಿದಾಗ, ಕೂರದೆ ಹೋದ ಆ ವ್ಯಕ್ತಿಯೇ ಕಣ್ಣಮುಂದೆ ಬಂದು ನಿಂತರು.

ಮುಂದೆ ಅಕ್ರಮ ಗಣಿಗಾರಿಕೆಯ ಕುರಿತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಅದು ಲೆಕ್ಕ ಹಾಕಿತ್ತು. ಸಲ್ಲಿಕೆಗೆ ಮೊದಲೇ ಅದರ ಮುಖ್ಯಾಂಶಗಳು ಸೋರಿಕೆಯಾಗಿ ಮಾಧ್ಯಮಗಳಲ್ಲಿ ಬಂದಿದ್ದವು. ಅದರಿಂದ ನಾಡಿನ ಭದ್ರತೆಗೆ ಯಾವ ಧಕ್ಕೆಯೂ ಆಗಲಿಲ್ಲ. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು.

ಪತ್ರಿಕೆಗೆ ಕೊಡುವ ಬದಲು ಮೇಲಧಿಕಾರಿಗೆ ದೂರು ಕೊಡಬಹುದಿತ್ತಲ್ಲ ಎಂದೂ ಬರೆದಿದ್ದೀರಿ. ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ ಎಂಜಿನಿಯರ್ ಸತ್ಯೇಂದ್ರ ದುಬೆಯವರು, ತಮ್ಮ ಹೆಸರು ಗುಟ್ಟಾಗಿರಲೆಂದು ಕೋರಿ, ಪ್ರಧಾನಿಗೇ ಪತ್ರ ಬರೆದಿದ್ದರು. ಆ ಪತ್ರ ಅವರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರಿನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಇಂಥವರಿಗಾಗಿ ಸಂಸತ್ತು 2014ರಲ್ಲಿ ಕಾಯ್ದೆಯೊಂದನ್ನು ಅಂಗೀಕರಿಸಿತಾದರೂ ಅದನ್ನು ಜಾರಿಗೆ ತರಲಿಲ್ಲ. ತಂದರೂ ಅದು ನಿಗದಿತ ಪ್ರಾಧಿಕಾರಕ್ಕೆ ದೂರು ಕೊಟ್ಟವರನ್ನು ಕಾಯುತ್ತದೆಯೇ ಹೊರತು ಪ್ರಕಟಿಸಿದವರನ್ನಲ್ಲ.

ನಾನು ಕೇಳುವ ರಕ್ಷಣೆ ಮನೆಮುಂದೆ ಪೊಲೀಸ್ ಕಾವಲಲ್ಲ. ಪ್ರಕಟಣೆಯಿಂದ ದೇಶಕ್ಕೆ ಇಂಥದೇ ಹಾನಿಯಾಯಿತೆಂದು ಸರ್ಕಾರ ನ್ಯಾಯಾಲಯದಲ್ಲಿ ಸಾಬೀತುಪಡಿಸಲಿ. ಅದರಿಂದ ಜನರಿಗಾದ ಒಳಿತೇ ದೊಡ್ಡದೆಂದು ವಾದಿಸುವ ಹಕ್ಕು ಪ್ರಕಟಿಸಿದವನಿಗಿರಲಿ. ಇದು ಹೊಸ ಮಾತೇನಲ್ಲ. ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚೆನಿಸಿದರೆ ರಹಸ್ಯ ಕಡತವನ್ನೂ ಕೊಡಬಹುದೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮೇ ಹೇಳುತ್ತದೆ. ನಮ್ಮವರೇ ಆದ ವೀರಪ್ಪ ಮೊಯಿಲಿಯವರ ನೇತೃತ್ವದ ಆಡಳಿತ ಸುಧಾರಣಾ ಆಯೋಗವು 1923ರ ಕಾಯ್ದೆಯನ್ನೇ ರದ್ದುಪಡಿಸುವಂತೆ 2006ರಲ್ಲಿ ಶಿಫಾರಸು ಮಾಡಿತ್ತು. ರಫೇಲ್ ಯುದ್ಧವಿಮಾನ ಖರೀದಿಯ ಪ್ರಕರಣದಲ್ಲಿ, ಪತ್ರಿಕೆಯಲ್ಲಿ ಅಚ್ಚಾಗಿದ್ದ ಕಾಗದಗಳು ಕಳವಾದವೆಂದು ಕೇಂದ್ರ ಸರ್ಕಾರ ಆಕ್ಷೇಪಿಸಿದಾಗ, ರಹಸ್ಯವೆಂದು ಗುರುತಿಸಿದ ದಾಖಲೆಯ ಪ್ರಕಟಣೆಯನ್ನು ತಡೆಯುವ ಅಧಿಕಾರವನ್ನು ಈ ಕಾಯ್ದೆ ಸರ್ಕಾರಕ್ಕೆ ಕೊಟ್ಟಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಏಪ್ರಿಲ್ 10ರಂದು ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ, ಆ ಖರೀದಿಯ ತನಿಖೆ ಕೋರಿದ್ದ ಮರುಪರಿಶೀಲನಾ ಅರ್ಜಿಗಳು ವಜಾ ಆದದ್ದೂ ನಿಜ. ಆದರೆ ಆ ಕಾಗದಗಳನ್ನು ನೋಡಬಾರದೆಂದು ನ್ಯಾಯಾಲಯ ಕಣ್ಣು ಮುಚ್ಚಿಕೊಳ್ಳಲಿಲ್ಲ.

ನಿಮ್ಮೂರಿನ ಮಾತೊಂದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ, ಗೇಟು ಕೊಚ್ಚಿಹೋದಾಗ, ಎಡದಂಡೆ ಕಾಲುವೆಯ ನೀರನ್ನೇ ನಂಬಿ ಭತ್ತ ನಾಟಿ ಮಾಡುವ ನಿಮ್ಮ ಸೀಮೆಯವರಿಗೆ ನಿದ್ದೆಯಿರಲಿಲ್ಲ. ಅಂಥದೊಂದು ಚೈನು ಸವೆದಿದೆಯೆಂಬ ಟಿಪ್ಪಣಿ ‘ರಹಸ್ಯ’ದ ಮೊಹರು ಹೊತ್ತು ನಾಳೆ ನನ್ನ ಮೇಜಿಗೆ ಬಂದರೆ, ಅದನ್ನು ಅಚ್ಚು ಹಾಕಬೇಕೋ ಬೇಡವೋ, ನೀವೇ ಹೇಳಿ.

ನಿಮ್ಮ ಹೆಸರು ಹಾಕಬಾರದೆಂದು ಕೋರಿದ್ದಿರಿ, ಹಾಕಿಲ್ಲ. ಪತ್ರದ ಮೂರನೇ ಪುಟದಲ್ಲಿ ನಿಮ್ಮ ಮಗ ಇರುವ ಠಾಣೆಯ ಹೆಸರನ್ನೂ ಬರೆದಿದ್ದಿರಿ. ಆ ಸಾಲನ್ನು ನಮ್ಮ ಅಕ್ಷರ ಜೋಡಿಸುವವರಿಗೂ ಕಾಣದಂತೆ ಶಾಯಿಯಿಂದ ಹೊಡೆದು ಹಾಕಿದ್ದೇನೆ.

ಸಂಪಾದಕ