ಕರೆಂಟ್ (ರೇಡಿಯೇಷನ್) ಮುಗಿದ ಮೇಲೆ ಬಾಯಿ ತೆರೆಯೋಕೆ ಆಗ್ತಿಲ್ಲ ಅಂದ್ರೆ

ಕೆನ್ನೆ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ರೇಡಿಯೇಷನ್ ಮುಗಿದು ಎರಡು ತಿಂಗಳಾಯ್ತು, ಅಪ್ಪನ ಬಾಯಿಗೆ ಎರಡು ಬೆರಳೂ ಹೋಗ್ತಿಲ್ಲ, ತಾನಾಗೇ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹೋಗಲ್ಲ. ಕರೆಂಟ್ ನಿಂತರೂ ಅದು ತಾಗಿದ ಅಗಿಯುವ ಸ್ನಾಯು ತಿಂಗಳುಗಟ್ಟಲೆ ನಾರುಗಟ್ಟುತ್ತಲೇ ಇರುತ್ತೆ. ಸುಮ್ಮನಿದ್ದರೆ ಇನ್ನೂ ಬಿಗಿಯಾಗುತ್ತೆ.

ಮೊದಲು ಅಳೆಯಿರಿ. ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ಅಂಚಿನ ನಡುವೆ ಸ್ಕೇಲ್ ಹಿಡಿದು ಎಷ್ಟು ಮಿ.ಮೀ. ಅಂತ ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆಯಿರಿ. 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಾಯಿ ಬಿಗಿದಿದೆ ಅಂತಲೇ ಲೆಕ್ಕ.

ಆಮೇಲೆ ಐಸ್‌ಕ್ರೀಮ್ ಕಡ್ಡಿ. ದವಡೆ ಮೂಳೆ ಕತ್ತರಿಸಿದ್ದರೆ ಅಥವಾ ಪ್ಲೇಟ್ ಹಾಕಿದ್ದರೆ ಸರ್ಜನ್‌ರನ್ನು ಕೇಳದೆ ಶುರು ಮಾಡಬೇಡಿ. ಒಂದು ಕಡ್ಡಿ ಸುಮಾರು 2 ಮಿ.ಮೀ. ದಪ್ಪ. ಹಿಡಿಸುವಷ್ಟು ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಿಂದಿನ ಹಲ್ಲುಗಳ ನಡುವೆ ಇಡಿ. ಇನ್ನೊಂದನ್ನು ಕಟ್ಟಿನ ಮಧ್ಯೆ ತೂರಿಸಿ. ಮರದ ಮೇಲೆ ಮರ ಸಲೀಸಾಗಿ ಜಾರುತ್ತೆ, ಒಸಡಿಗೆ ಚುಚ್ಚಲ್ಲ. 7 ಸೆಕೆಂಡ್ ಹಿಡಿದು ಬಿಡಿ. ಹೀಗೆ 7 ಸಲ, ದಿನಕ್ಕೆ 7 ಹೊತ್ತು. ಎಳೆತ ಗೊತ್ತಾಗಬೇಕು, ಜೀವ ಹೋಗುವಂಥ ನೋವಾಗಬಾರದು. ಮಾರನೇ ದಿನವೂ ನೋವಿದ್ದರೆ ಒಂದು ಕಡ್ಡಿ ಕಡಿಮೆ ಮಾಡಿ, ಬಿಟ್ಟುಬಿಡಬೇಡಿ. ಮುಂದಿನ ಹಲ್ಲಿನ ಮೇಲೆ ಒತ್ತಡ ಹಾಕಿದರೆ ಹಲ್ಲು ಅಲುಗಾಡುತ್ತೆ. ಸ್ಟೀಲ್ ಚಮಚದಿಂದ ಮೀಟುವುದಂತೂ ಬೇಡವೇ ಬೇಡ.

ಜೊಲ್ಲು ಕಡಿಮೆಯಾಗಿ ಬಾಯಿ ಒಣಗ್ತಿರುತ್ತೆ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ ಹಾಕಿ ಎರಡು ಮೂರು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಲಿ, ನುಂಗುವುದು ಬೇಡ. ದಿನಾ ಹೊಸದಾಗಿ ಮಾಡಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಉರಿ ಜಾಸ್ತಿ ಮಾಡುತ್ತೆ. ತೆಳ್ಳಗಿನ ರಾಗಿ ಗಂಜಿ, ಚೆನ್ನಾಗಿ ಕಿವುಚಿದ ಮೊಸರನ್ನ ಇಳಿಯುತ್ತೆ. ಖಾರ, ಹುಳಿ ಸದ್ಯಕ್ಕೆ ದೂರ ಇರಲಿ.

ಹಲ್ಲು ನೋವು ಬಂದರೆ ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಕೀಳಿಸಿಬಿಡಬೇಡಿ. ಕರೆಂಟ್ ಬಿದ್ದ ದವಡೆ ಮೂಳೆಗೆ ರಕ್ತ ಸಂಚಾರ ಕಡಿಮೆ, ಕಿತ್ತ ಜಾಗ ವಾಸಿಯಾಗದೆ ಮೂಳೆಯೇ ಸಾಯಬಹುದು, ಎಷ್ಟೋ ವರ್ಷ ಕಳೆದ ಮೇಲೂ. ರೇಡಿಯೇಷನ್ ಡಾಕ್ಟರಿಗೆ ಮೊದಲು ತಿಳಿಸಿ. ಕುತ್ತಿಗೆಗೂ ಕೊಟ್ಟಿದ್ದರೆ 6ರಿಂದ 12 ತಿಂಗಳಿಗೊಮ್ಮೆ ಟಿಎಸ್ಎಚ್ (ಥೈರಾಯ್ಡ್) ರಕ್ತಪರೀಕ್ಷೆ ಮಾಡಿಸಿ. ಸುಸ್ತಿಗೆ ಎಷ್ಟೋ ಸಲ ಥೈರಾಯ್ಡ್ ಕಾರಣ.

ತಂಬಾಕಿಲ್ಲದ ಬರೀ ಅಡಿಕೆ ಪರವಾಗಿಲ್ಲ ಅನ್ನೋರ ಮಾತು ಕೇಳಬೇಡಿ, ಬಾಯಿ ಬಿಗಿಸೋಕೆ ಅಡಿಕೆಯೊಂದೇ ಸಾಕು.

ಕ್ಯಾಲೆಂಡರಿನ ಅಂಕಿ ಏರ್ತಾ ಇದ್ದದ್ದು ಇದ್ದಕ್ಕಿದ್ದಂತೆ ಇಳಿದರೆ, ಅಥವಾ ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ, ಮುಂದಿನ ಚೆಕಪ್ ತಾರೀಖಿಗೆ ಕಾಯದೆ ಕರೆದುಕೊಂಡು ಹೋಗಿ.