‘ಗೂಡು ತಂದ ರೈತ’ ಮತ್ತು ಇಂಗ್ಲಿಷಿನ ‘ಹೂ’, ‘ವಿಚ್’

ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ, ಇಂಗ್ಲಿಷ್ ವಾಕ್ಯದ ನಡುವೆ ‘ಹೂ’, ‘ವಿಚ್’, ‘ವೇರ್’ ಬಂದರೆ ಅರ್ಥ ಕೈತಪ್ಪಿ ಹೋಗುತ್ತದೆ, ಬರೆಯುವಾಗ ಯಾವುದು ಹಾಕಬೇಕೋ ತಿಳಿಯುವುದಿಲ್ಲ ಎಂದು ಕೇಳಿದ್ದೀರಿ. ನನ್ನದೂ ಇದೇ ಕಥೆಯಾಗಿತ್ತು. ನಮ್ಮೂರು ಶಿಡ್ಲಘಟ್ಟ. ಈಗ ಸಂಜೆ ಹೊತ್ತು ಮನೆಯಲ್ಲೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಇಂಥ ‘ಹೂ’, ‘ವಿಚ್’ ತುಂಡುಗಳಿಗೆ ವ್ಯಾಕರಣದಲ್ಲಿ ಕೊಡುವ ರಿಲೇಟಿವ್ ಕ್ಲಾಜ್ ಅನ್ನೋ ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಮ್ಮೂರ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬನ್ನಿ.

‘ಗೂಡು ತಂದ ರೈತ’. ‘ರೈತ ತಂದ ಗೂಡು’. ‘ಗೂಡು ತಂದ ಚೀಲ’. ‘ಗೂಡು ತಂದ ದಿನ’.

ನಾಲ್ಕರಲ್ಲೂ ‘ತಂದ’ ಒಂದೇ. ಆದರೆ ತಂದವನು ರೈತ. ಗೂಡು ಏನನ್ನೂ ತರಲಿಲ್ಲ, ಅದನ್ನೇ ತಂದರು. ಚೀಲದಲ್ಲಿ ತಂದರು. ಆ ದಿನ ತಂದರು. ಕೇಳುವವರಿಗೆ ಗೊತ್ತಾಗುತ್ತದೆ ಬಿಡು ಅಂತ ಕನ್ನಡ ಸುಮ್ನೆ ಇದ್ದುಬಿಡುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ಅಲ್ಲೂ ‘ತೆಚ್ಚಿನ ರೈತು’, ಅದೇ ಜೋಡಣೆ. ಇಂಗ್ಲಿಷ್ ಮಾತ್ರ ಪ್ರತಿ ಸಲ ಲೆಕ್ಕ ಕೇಳುತ್ತದೆ: ‘ದ ಫಾರ್ಮರ್ ಹೂ ಬ್ರಾಟ್ ದ ಕಕೂನ್ಸ್’, ‘ದ ಕಕೂನ್ಸ್ ವಿಚ್ ದ ಫಾರ್ಮರ್ ಬ್ರಾಟ್’, ‘ದ ಬ್ಯಾಗ್ ಇನ್ ವಿಚ್ ಹಿ ಬ್ರಾಟ್ ದೆಮ್’, ‘ದ ಡೇ ವೆನ್ ಹಿ ಬ್ರಾಟ್ ದೆಮ್’.

ಹಾಗಾಗಿ ಬರೆಯುವ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದೇ. ಆ ಕೆಲಸದಲ್ಲಿ ಈ ಹೆಸರಿನ ಪಾಲೇನು? ಮಾಡಿದವರೇ, ಮಾಡಿಸಿಕೊಂಡದ್ದೇ, ಜಾಗವೇ, ಹೊತ್ತೇ? ಮನುಷ್ಯರಿಗೆ ‘ಹೂ’, ವಸ್ತುವಿಗೆ ‘ವಿಚ್’ ಅಂತಷ್ಟೇ ಬಾಯಿಪಾಠ ಮಾಡಿದರೆ ನನ್ನ ಗತಿಯಾಗುತ್ತದೆ. ಬೆಂಗಳೂರಿನ ಒಂದು ಇಂಟರ್‌ವ್ಯೂನಲ್ಲಿ ‘ನಾನು ಓದಿದ ಕಾಲೇಜು’ ಅನ್ನೋದನ್ನು ‘ದ ಕಾಲೇಜ್ ವಿಚ್ ಐ ಸ್ಟಡೀಡ್’ ಅಂದೆ. ಕಾಲೇಜು ವಸ್ತು ಅಲ್ವಾ, ‘ವಿಚ್’ ಹಾಕಿದೆ. ಎದುರಿಗಿದ್ದವರು ನಕ್ಕು, ಕಾಲೇಜಿನ ಮೇಲೆ ರಿಸರ್ಚ್ ಮಾಡಿದ್ರಾ ಎಂದರು. ನಾನು ಕಾಲೇಜನ್ನು ಓದಲಿಲ್ಲ, ಕಾಲೇಜಿನಲ್ಲಿ ಓದಿದೆ. ‘ವೇರ್ ಐ ಸ್ಟಡೀಡ್’ ಅನ್ನಬೇಕಿತ್ತು. ಇಲ್ಲವೇ ಕೊನೆಗೆ ಒಂದು ‘ಇನ್’ ಸೇರಿಸಿ ‘ವಿಚ್ ಐ ಸ್ಟಡೀಡ್ ಇನ್’.

ಇನ್ನೊಂದು ತೊಡಕು ಶಾಲೆಯಲ್ಲೇ ಶುರುವಾಗುತ್ತದೆ. ‘ಹೂ’ ಅಂದರೆ ‘ಯಾರು’ ಅಂತ ಕಲಿಯುತ್ತೇವೆ. ಪ್ರಶ್ನೆಯಲ್ಲಿ ಸರಿ. ಇಲ್ಲಿ ಯಾರೂ ಪ್ರಶ್ನೆ ಕೇಳುತ್ತಿಲ್ಲ. ಇಲ್ಲಿನ ‘ಹೂ’ಗೆ ಕನ್ನಡದಲ್ಲಿ ಬೇರೆ ಪದವೇ ಇಲ್ಲ, ‘ತಂದ’ದ ಕೊನೆಯ ‘ಅ’ ಇದೆಯಲ್ಲ, ಅದೇ ಆ ಕೆಲಸ ಮಾಡುತ್ತದೆ.

ಓದುವಾಗ ಒಂದು ಉಪಾಯ ಇದೆ. ‘ನಿನ್ನೆ ಚಿಂತಾಮಣಿಯಿಂದ ಟೆಂಪೋದಲ್ಲಿ ಗೂಡು ತಂದ ರೈತ’ ಅನ್ನೋದನ್ನು ಬಾಲದಿಂದ ಹಿಡಿದು ಹಿಂದಕ್ಕೆ ಬನ್ನಿ. ರೈತ, ತಂದ, ಗೂಡು, ಟೆಂಪೋದಲ್ಲಿ, ಚಿಂತಾಮಣಿಯಿಂದ, ನಿನ್ನೆ. ಈಗ ಇಂಗ್ಲಿಷ್ ನೋಡಿ: ‘ದ ಫಾರ್ಮರ್ ಹೂ ಬ್ರಾಟ್ ಕಕೂನ್ಸ್ ಇನ್ ಎ ಟೆಂಪೋ ಫ್ರಮ್ ಚಿಂತಾಮಣಿ ಯೆಸ್ಟರ್‌ಡೇ’. ಕನ್ನಡಿಯಲ್ಲಿ ನೋಡಿದ ಹಾಗೆ! ಎಲ್ಲ ವಾಕ್ಯವೂ ಇಷ್ಟು ಚೆನ್ನಾಗಿ ತಿರುಗುವುದಿಲ್ಲ. ಆದರೂ ಉದ್ದದ ವಾಕ್ಯ ಎದುರಾದಾಗ ನಮ್ಮ ಮಕ್ಕಳಿಗೆ ಇದು ಜಾಸ್ತಿ ಸಹಾಯ ಮಾಡಿದೆ.

ಬರೆಯುವಾಗ ಮೊದಲು ಎರಡು ವಾಕ್ಯ ಮಾಡಿಕೊಳ್ಳಿ. ‘ದೀಸ್ ಆರ್ ದ ಕಕೂನ್ಸ್. ಐ ಬಾಟ್ ದೆಮ್.’ ಎರಡನೆಯದರ ‘ದೆಮ್’ ಕಿತ್ತು, ಅದರ ಬದಲು ‘ವಿಚ್’ ಮುಂದೆ ಇಡಿ: ‘ದೀಸ್ ಆರ್ ದ ಕಕೂನ್ಸ್ ವಿಚ್ ಐ ಬಾಟ್’. ನನ್ನ ಹತ್ತಿರ ಬರುವ ಮಕ್ಕಳು ‘ವಿಚ್ ಐ ಬಾಟ್ ದೆಮ್’ ಅಂತ ಎರಡನ್ನೂ ಇಟ್ಟುಕೊಳ್ಳುತ್ತಾರೆ. ಒಂದು ಸೀಟಿಗೆ ಇಬ್ಬರು ಕೂತ ಹಾಗೆ. ಇಂಥ ಕಡೆ, ಅಂದರೆ ‘ವಿಚ್’ ಆದಮೇಲೆ ಕೆಲಸ ಮಾಡುವವರು ಬೇರೆ ಇದ್ದರೆ, ‘ವಿಚ್’ ಅನ್ನೇ ಬಿಟ್ಟು ‘ದ ಕಕೂನ್ಸ್ ಐ ಬಾಟ್’ ಅಂದರೂ ಸರಿ. ‘ದ ಫಾರ್ಮರ್ ಹೂ ಬ್ರಾಟ್’ನಲ್ಲಿ ಮಾತ್ರ ‘ಹೂ’ ಬಿಡಬೇಡಿ, ವಾಕ್ಯವೇ ಬೇರೆಯಾಗಿಬಿಡುತ್ತದೆ.

ಕಾಮಾ ವಿಷಯ ಕೊಂಚ ನಾಜೂಕು. ನೂರು ರೈತರಲ್ಲಿ ಯಾರು ಎಂದು ಗುರುತಿಸಲು ‘ಹೂ ಬ್ರಾಟ್ ದ ಕಕೂನ್ಸ್’ ಅಂದರೆ ಕಾಮಾ ಬೇಡ. ‘ವಿಶ್ವೇಶ್ವರಯ್ಯ, ಹೂ ವಾಸ್ ಬಾರ್ನ್ ಇನ್ ಮುದ್ದೇನಹಳ್ಳಿ, ಬಿಕೇಮ್ ದಿವಾನ್ ಆಫ್ ಮೈಸೂರ್ ಇನ್ 1912’ ಅನ್ನುವಾಗ ಎರಡೂ ಕಡೆ ಕಾಮಾ ಬೇಕು. ಹೆಸರು ಹೇಳಿದ ಕೂಡಲೇ ಯಾರೆಂದು ತಿಳಿಯಿತು, ಹುಟ್ಟಿದ ಊರು ಹೆಚ್ಚುವರಿ ಮಾಹಿತಿ. ಕನ್ನಡದಲ್ಲಿ ‘ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ’ ಅಂದರೆ ಮುಗಿಯಿತು, ಈ ಭೇದ ಕಾಣುವುದೇ ಇಲ್ಲ. ಅದಕ್ಕೇ ನಮಗೆ ಕಾಮಾ ಮರೆಯುತ್ತದೆ. ‘ಹೂ’, ‘ವಿಚ್’ ಬದಲು ‘ದಟ್’ ಹಾಕಬಹುದು, ಆದರೆ ಈ ಕಾಮಾ ಆದಮೇಲೆ ಹಾಕುವಂತಿಲ್ಲ.

ಮಾಡಿಸಿಕೊಂಡದ್ದು ಮನುಷ್ಯರಾದರೆ ‘ಹೂ’ ಬದಲು ಬರುವ ‘ಹೂಮ್’ ಬಗ್ಗೆ ಕೇಳಬೇಡಿ. ಪರೀಕ್ಷೆಯಲ್ಲಿ ಬಂದರೆ ಬರೆಯಿರಿ, ಮಾತಿನಲ್ಲಿ ‘ಹೂ’ ಅಂದರೆ ಯಾರೂ ಬೈಯುವುದಿಲ್ಲ.