ಮೂವತ್ತೇಳನೆಯ ಸಾಲು: ಕ್ಯಾಲಿಫೋರ್ನಿಯಾ ಬಿಡಲು ಹೊರಟ ಒಂದು ಕುಟುಂಬದ ಪ್ರಕರಣ

ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಪತಿಗೆ ನಲವತ್ನಾಲ್ಕು ವರ್ಷ, ತುಮಕೂರಿನ ಕಡೆಯವರು, ಸಾಫ್ಟ್‌ವೇರ್ ಉದ್ಯೋಗಿ. ಪತ್ನಿ ಧಾರವಾಡದವರು, ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ಏಳನೆಯ ತರಗತಿಯಲ್ಲಿ ಓದುವ ಒಬ್ಬಳೇ ಮಗಳು. 2010ರಿಂದ ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಫ್ರೀಮಾಂಟಿನಲ್ಲಿ ಎರಡು ಕೋಣೆಗಳ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದರು. 2024ರ ಆರಂಭದಲ್ಲಿ ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ, ಸಮಸ್ಯೆಯೇನೆಂದು ಕೇಳುವ ನಮೂನೆಯ ಅಂಕಣದಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಕುಳಿತು ಹೆಚ್ಚುಕಡಿಮೆ ಒಂದೇ ಮಾತನ್ನು ಬರೆದಿದ್ದರು: ಟೆಕ್ಸಾಸಿಗೆ ಹೋಗುವ ವಿಷಯದಲ್ಲಿ ನಿರ್ಧಾರಕ್ಕೆ ಬರಲು ಆಗುತ್ತಿಲ್ಲ. ಡಾಲಸ್ ಬಳಿಯ ಫ್ರಿಸ್ಕೊದಲ್ಲಿ ಗೆಳೆಯರೊಬ್ಬರ ಗೃಹಪ್ರವೇಶಕ್ಕೆ ಹೋಗಿ ಬಂದ ಮೇಲೆ ಮೂರು ತಿಂಗಳಿನಿಂದ ಮನೆಯಲ್ಲಿ ಮಾತುಕತೆ ಅಷ್ಟಕ್ಕಷ್ಟೇ ಆಗಿತ್ತು.

ಮೊದಲ ಭೇಟಿಗೆ ಪತಿ ಒಂದು ಎಕ್ಸೆಲ್ ಹಾಳೆಯನ್ನು ಮುದ್ರಿಸಿ ತಂದಿದ್ದರು. ಎಡಗಡೆ ಫ್ರೀಮಾಂಟ್, ಬಲಗಡೆ ಫ್ರಿಸ್ಕೊ. ಬಾಡಿಗೆ, ತೆರಿಗೆ, ವಿಮೆ, ಪೆಟ್ರೋಲ್, ವಿದ್ಯುತ್ತು ಹೀಗೆ ನಲವತ್ತಕ್ಕೂ ಹೆಚ್ಚು ಸಾಲುಗಳು. ಇಂಥ ಹಾಳೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದುಬಾರಿ ರಾಜ್ಯವನ್ನು ಬಿಟ್ಟು ಹೋಗುವವರು ಮೊದಲು ಹೇಳುವ ಕಾರಣ ಆದಾಯ ತೆರಿಗೆ. ಏಕೆಂದರೆ ಕ್ಯಾಲಿಫೋರ್ನಿಯಾದ ಗರಿಷ್ಠ ದರ ಶೇಕಡಾ 13.3, ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಆದರೆ ಆ ಗರಿಷ್ಠ ದರ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮೀರಿದ ವರಮಾನದ ಮಾತು. ಈ ದಂಪತಿಯ ವರಮಾನದ ಮೇಲಿನ ಪದರಕ್ಕೆ ತಗಲುತ್ತಿದ್ದುದು ಶೇಕಡಾ 9.3 ಮಾತ್ರ. ಇನ್ನು ಟೆಕ್ಸಾಸ್ ಆದಾಯದ ಮೇಲೆ ಬಿಟ್ಟದ್ದರಲ್ಲಿ ಒಂದು ಪಾಲನ್ನು ಮನೆಯ ಮೇಲೆ ವಸೂಲು ಮಾಡುತ್ತದೆ. ಅಲ್ಲಿನ ಉಪನಗರಗಳ ಆಸ್ತಿ ತೆರಿಗೆ ಶೇಕಡಾ ಎರಡರ ಆಸುಪಾಸಿನಲ್ಲಿರುವುದರಿಂದ, ಆರು ಲಕ್ಷ ಡಾಲರಿನ ಮನೆಗೆ, ವಿನಾಯಿತಿಗಳನ್ನು ಕಳೆಯುವ ಮುನ್ನ, ತಿಂಗಳಿಗೆ ಸುಮಾರು ಸಾವಿರ ಡಾಲರ್ ಅದಕ್ಕೇ ಹೋಗುತ್ತದೆ. ಹಾಳೆಯಲ್ಲಿ ಈ ಸಾಲು ಇರಲಿಲ್ಲ. ತೆರಿಗೆ ಸಲಹೆ ನನ್ನ ವೃತ್ತಿಯಲ್ಲ. ಆದರೂ ಲೆಕ್ಕದಲ್ಲಿ ಯಾವುದನ್ನು ಬಿಟ್ಟಿದ್ದಾರೆ ಎಂಬುದರಿಂದ ಮನಸ್ಸು ಎತ್ತ ವಾಲಿದೆ ಎಂದು ತಿಳಿಯುವುದು ನನ್ನ ವೃತ್ತಿಯೇ.

ಹಾಗೆಂದು ಅವರ ಸಂಕಟ ಸುಳ್ಳಾಗಿರಲಿಲ್ಲ. ಜನರನ್ನು ಈ ರಾಜ್ಯದಿಂದ ನಿಜವಾಗಿ ದೂಡುತ್ತಿರುವುದು ಮನೆಯ ಬೆಲೆ. 2024ರ ವಸಂತದಲ್ಲಿ ಇಲ್ಲಿನ ಸ್ವತಂತ್ರ ಮನೆಯ ಮಧ್ಯಮ ಬೆಲೆ ಒಂಬತ್ತು ಲಕ್ಷ ಡಾಲರನ್ನು ದಾಟಿತು. ಫ್ರೀಮಾಂಟಿನಲ್ಲಿ ಆ ಹಣಕ್ಕೆ ಅಂಥ ಮನೆ ಸಿಗುವುದೇ ಕಷ್ಟ. ಇದಕ್ಕೆ ಹಳೆಯ ಕಾನೂನೊಂದರ ಬೆಂಬಲವೂ ಇದೆ. 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13ರ ಪ್ರಕಾರ ಮೂಲ ಆಸ್ತಿ ತೆರಿಗೆ ಕೊಂಡ ಬೆಲೆಯ ಶೇಕಡಾ ಒಂದಕ್ಕೆ ಸೀಮಿತ. ಆ ಮೌಲ್ಯವನ್ನು ವರ್ಷಕ್ಕೆ ಶೇಕಡಾ ಎರಡಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಮುಖ್ಯವಾಗಿ ಮಾರಾಟವಾದಾಗ ಹೊಸ ಬೆಲೆ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮೂವತ್ತು ವರ್ಷದ ಹಿಂದೆ ಕೊಂಡ ಹಿರಿಯರು ಮಕ್ಕಳೆಲ್ಲ ಬೇರೆ ಊರು ಸೇರಿದ ಮೇಲೂ ದೊಡ್ಡ ಮನೆಯನ್ನು ಮಾರಲು ಹಿಂಜರಿಯುತ್ತಾರೆ, ಪಕ್ಕದಲ್ಲೇ ಮನೆ ಕೊಳ್ಳುವ ಹೊಸಬರು ಅಂಥದೇ ಮನೆಗೆ ಹಲವು ಪಟ್ಟು ತೆರಿಗೆ ಕಟ್ಟುತ್ತಾರೆ. ಕಾಳ್ಗಿಚ್ಚಿನ ಭಯದಿಂದ ವಿಮಾ ಕಂಪನಿಗಳು ಹಿಂದೆ ಸರಿಯುತ್ತಿರುವುದು ಇದರ ಮೇಲಿನ ಇನ್ನೊಂದು ಹೊರೆ. 2022ರ ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಇಲ್ಲಿಂದ ಟೆಕ್ಸಾಸಿಗೆ ಹೋದರು, 2020ರ ಜನಗಣತಿಯ ನಂತರ ಕ್ಯಾಲಿಫೋರ್ನಿಯಾ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಸಂಸತ್ತಿನ ಕೆಳಮನೆಯ ಒಂದು ಸ್ಥಾನ ಕಳೆದುಕೊಂಡಿತು ಎನ್ನುವಾಗ ಈ ಪತಿಯ ಯೋಚನೆಯನ್ನು ವಿಚಿತ್ರವೆಂದು ಯಾರೂ ಹೇಳಲಾರರು.

ಎರಡನೆಯ ಭೇಟಿಯಲ್ಲಿ ಪತ್ನಿ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ, ಮೂವತ್ತೇಳನೆಯ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ‘2012’ ಎಂದಷ್ಟೇ ಬರೆದು, ಮುಂದೆ ಕೆಂಪು ಅಕ್ಷರದಲ್ಲಿ ದೊಡ್ಡದೊಂದು ಮೊತ್ತವಿತ್ತು. 2008ರ ಕುಸಿತದ ನಂತರ ಬೆಲೆ ತಳ ಮುಟ್ಟಿದ್ದ ಆ ದಿನಗಳಲ್ಲಿ ಇವರು ಇದೇ ಊರಿನಲ್ಲಿ ಒಂದು ಮನೆ ನೋಡಿದ್ದರು. ಮುಂಗಡಕ್ಕೆಂದು ಕೂಡಿಟ್ಟ ಹಣ ಪತ್ನಿಯ ತಂದೆಯ ಹೃದಯದ ಶಸ್ತ್ರಚಿಕಿತ್ಸೆಗೆ ಹುಬ್ಬಳ್ಳಿಗೆ ಹೋಯಿತು. ಆ ಸಾಲಿನ ಮೊತ್ತ, ಅಂದು ಕೊಂಡಿದ್ದರೆ ಇಂದು ಆಗುತ್ತಿದ್ದ ಲಾಭ.

“ಹನ್ನೆರಡು ವರ್ಷದಾಗ ಒಂದ ದಿನಾನೂ ಬಾಯಿ ಬಿಟ್ಟು ಅಂದಿಲ್ರೀ ಮೇಡಂ, ಈಗ ಲೆಕ್ಕದಾಗ ಬರದಾರ,” ಎಂದರು ಆಕೆ. ಪತಿ ಬಹಳ ಹೊತ್ತು ಸುಮ್ಮನಿದ್ದು, “ಅವಳ ಮೇಲೆ ಬರೆದಿದ್ದಲ್ಲ ಮೇಡಂ. ಹದಿನಾಲ್ಕು ವರ್ಷ ಬಾಡಿಗೆ ಕಟ್ಟಿ ಬೇರೆಯವರ ಮನೆ ಸಾಲ ತೀರಿಸಿದ್ದು ಬಿಟ್ರೆ ನಾನೇನು ಮಾಡಿದೀನಿ ಅಂತ ನನಗೇ ಬರೆದುಕೊಂಡಿದ್ದು,” ಎಂದರು. ಪ್ರಕರಣ ನಿಜವಾಗಿ ಶುರುವಾದದ್ದು ಇಲ್ಲಿಂದ.

ಪ್ರತ್ಯೇಕ ಭೇಟಿಗಳಲ್ಲಿ ಇನ್ನಷ್ಟು ಹೊರಬಂತು. ಗೆಳೆಯನ ಗೃಹಪ್ರವೇಶದಲ್ಲಿ ಸತ್ಯನಾರಾಯಣ ಪೂಜೆಗೆ ಕುಳಿತಿದ್ದ ಜೋಡಿಯನ್ನು ನೋಡುತ್ತ ಪತಿಗೆ ಅನಿಸಿದ್ದು, ಊರಿಂದ ಬರುವ ಅಪ್ಪ ಅಮ್ಮನಿಗೆ ಒಂದು ಕೋಣೆ ಕೊಡಲಾಗದ ಮಗ ತಾನು ಎಂಬುದು. ಅವರು ಬಿಡಬೇಕೆಂದಿದ್ದುದು ರಾಜ್ಯವನ್ನೋ ಆ ನಾಚಿಕೆಯನ್ನೋ ಎಂಬುದು ಅವರಿಗೇ ಸ್ಪಷ್ಟವಿರಲಿಲ್ಲ. ಪತ್ನಿಯ ತಂದೆ ತೀರಿಕೊಂಡದ್ದು ಕೋವಿಡ್ ಕಾಲದಲ್ಲಿ. ಹೋಗಲಾಗದೆ ಫೋನಿನ ಪರದೆಯಲ್ಲೇ ಮುಖ ನೋಡಿದ ದಿನ, ಬಾಗಿಲ ಹೊರಗೆ ಅಡುಗೆ ತಂದಿಟ್ಟು ಕಾರಿನಲ್ಲೇ ಕುಳಿತು ಆಕೆಯೊಡನೆ ಫೋನಿನಲ್ಲಿ ಅತ್ತವರು ಶನಿವಾರದ ಕನ್ನಡ ತರಗತಿಯ ಮೂವರು ಗೆಳತಿಯರು. “ನನಗ ಮನಿ ಇಲ್ಲ ಅಂತಾರ. ನನ್ನ ಮನಿ ಇವರ ಮೂರೂ ಮಂದಿರೀ,” ಎಂದರು. ಇದಕ್ಕೆ ಎಕ್ಸೆಲ್ಲಿನಲ್ಲಿ ಅಂಕಣವಿಲ್ಲ.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯಲ್ಲಿ ನಾನು ಗಮನಿಸಿರುವುದೆಂದರೆ, ಜನ ರಾಜ್ಯವನ್ನು ಬಿಡುವುದು ಲೆಕ್ಕ ಹಾಕಿ, ಆದರೆ ಊರನ್ನು ಆರಿಸುವುದು ಪರಿಚಯದವರನ್ನು ನೋಡಿ. ನಮ್ಮವರು ಫ್ರಿಸ್ಕೊ, ಆಸ್ಟಿನ್ ಬಳಿಯ ರೌಂಡ್ ರಾಕ್, ನಾರ್ತ್ ಕ್ಯಾರೊಲೈನಾದ ಕ್ಯಾರಿ, ಅರಿಜೋನಾದ ಚಾಂಡ್ಲರ್ ಎನ್ನುತ್ತಾರೆ; ಅಲ್ಲೆಲ್ಲ ಕೆಲಸವಿದೆ, ಒಳ್ಳೆಯ ಶಾಲೆಯಿದೆ, ದೇವಸ್ಥಾನವಿದೆ, ಎಲ್ಲಕ್ಕಿಂತ ಹೆಚ್ಚಾಗಿ, ಮೊದಲೇ ಹೋಗಿ ನೆಲೆಸಿದ ಒಬ್ಬ ಸಹಪಾಠಿಯಿರುತ್ತಾನೆ. ಕೆಲವರು ರಾಜ್ಯದೊಳಗೇ ಮೌಂಟನ್ ಹೌಸ್, ಟ್ರೇಸಿ, ಫಾಲ್ಸಮ್ ಕಡೆಗೆ ಸರಿಯುತ್ತಾರೆ. ಅವರ ಉಳಿತಾಯದ ಒಂದು ಭಾಗವನ್ನು ಬೆಟ್ಟದ ರಸ್ತೆಯ ಟ್ರಾಫಿಕ್ಕು ತಿನ್ನುತ್ತದೆ.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಎರಡು ವಾರ ಆ ಹಾಳೆಯನ್ನು ತೆರೆಯಬಾರದು, 2012ರ ವಿಷಯವನ್ನು ಟೆಕ್ಸಾಸಿನ ವಿಷಯದಿಂದ ಬೇರ್ಪಡಿಸಿ ಮಾತಾಡಿ ಮುಗಿಸಬೇಕು ಎಂಬುದು. ಅದಕ್ಕೆ ಎರಡು ವಾರ ಸಾಲದೆ ಐದು ಭೇಟಿಗಳಾದವು. ಅದರಲ್ಲಿ ಒಂದು ಪೂರ್ತಿ ಮೌನದಲ್ಲೇ ಕಳೆಯಿತು. ಆನಂತರ, ಫ್ರಿಸ್ಕೊವನ್ನು ಗೃಹಪ್ರವೇಶದ ಅತಿಥಿಗಳಾಗಿ ನೋಡದೆ, ಆಗಸ್ಟ್ ತಿಂಗಳ ಮೂವತ್ತೆಂಟು ನಲವತ್ತು ಡಿಗ್ರಿ ಬಿಸಿಲಿನಲ್ಲಿ ಮೂರು ವಾರ ಬಾಡಿಗೆ ಮನೆ ಹಿಡಿದು, ಕೆಲಸ ಮಾಡುತ್ತ, ದಿನಸಿ ತರುತ್ತ ಇದ್ದು ನೋಡಲು ಹೇಳಿದೆ. 2021ರ ಫೆಬ್ರವರಿಯ ಹಿಮಗಾಳಿಗೆ ವಿದ್ಯುತ್ ಜಾಲ ಕುಸಿದು ಲಕ್ಷಾಂತರ ಮನೆಗಳು ದಿನಗಟ್ಟಲೆ ಕತ್ತಲಲ್ಲಿದ್ದ ಕಥೆಯನ್ನೂ ಅಲ್ಲಿನವರಿಂದಲೇ ಕೇಳಿ ಬನ್ನಿ ಎಂದೆ. ಹೋಗುವುದೇ ಆದರೆ ಮೊದಲ ವರ್ಷ ಕೊಳ್ಳುವುದು ಬೇಡ ಎಂಬುದರಲ್ಲಿ ನಾನು ಬಿಗಿಯಾಗಿಯೇ ಇದ್ದೆ. ಏಕೆಂದರೆ ನಾಚಿಕೆಯನ್ನು ತೊಳೆದುಕೊಳ್ಳುವ ಆತುರದಲ್ಲಿ ಕೊಂಡ ಮನೆಯ ಕಂತು ಇನ್ನೊಂದು ಜಗಳಕ್ಕೆ ಬೀಜವಾಗುವುದನ್ನು ಕಂಡಿದ್ದೇನೆ.

ವೀಸಾದ ಬಗ್ಗೆ ವಕೀಲರ ಬಳಿ ಕಳಿಸಿದೆ. ಪತಿ ಇನ್ನೂ ಎಚ್1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದರು. ಒಂದೇ ಕಂಪನಿಯ ಬೇರೆ ಊರಿನ ಕಚೇರಿಗೆ ಹೋದರೂ ತಿದ್ದುಪಡಿ ಅರ್ಜಿ ಬೇಕು, ಗ್ರೀನ್ ಕಾರ್ಡಿನ ಕಾರ್ಮಿಕ ಪ್ರಮಾಣಪತ್ರ ನಿರ್ದಿಷ್ಟ ಸ್ಥಳಕ್ಕೆ ಅಂಟಿಕೊಂಡಿದ್ದರಿಂದ ಸಾಮಾನ್ಯವಾಗಿ ಅದನ್ನು ಹೊಸದಾಗಿ ಮಾಡಬೇಕು, ಆದರೆ ಸರದಿಯ ದಿನಾಂಕ ಉಳಿಯುತ್ತದೆ ಎಂದು ತಿಳಿದ ಮೇಲೆ ಅವರ ಅರ್ಧ ಭಯ ಇಳಿಯಿತು.

ಮಗಳನ್ನು ಇಬ್ಬರೂ ಕೇಳಿಯೇ ಇರಲಿಲ್ಲ. ಕೇಳಿದಾಗ ಆಕೆ, ಹೋಗುವುದಾದರೆ ಹೈಸ್ಕೂಲಿನ ನಡುವೆ ಬೇಡ, ಎಂಟು ಮುಗಿದ ಮೇಲೆ ಹೋಗೋಣ ಎಂದಳು. ದೊಡ್ಡವರಿಗಿಂತ ಆ ಹುಡುಗಿಯ ಮಾತು ವ್ಯಾವಹಾರಿಕವಾಗಿತ್ತು: ಒಂಬತ್ತನೆಯ ತರಗತಿ ಎಲ್ಲರಿಗೂ ಹೊಸ ಶಾಲೆಯೇ, ಜೊತೆಗೆ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳ ಸ್ಥಳೀಯರ ಶುಲ್ಕ ತಪ್ಪಿದರೂ ಹನ್ನೆರಡು ತಿಂಗಳ ವಾಸದ ಮೇಲೆ ಟೆಕ್ಸಾಸಿನದು ಸಿಗುತ್ತದೆ.

ಆಗಸ್ಟಿನ ಮೂರು ವಾರ ಮುಗಿಸಿ ಬಂದಾಗ ಪತಿ ಬಿಸಿಲಿನ ಬಗ್ಗೆ ದೂರಿದರು, ಪತ್ನಿ ದೂರಲಿಲ್ಲ. ಅಲ್ಲಿನ ಕನ್ನಡ ತರಗತಿಗೆ ಶಿಕ್ಷಕರು ಬೇಕಿದ್ದಾರೆಂದು ವಿಚಾರಿಸಿ ಬಂದಿದ್ದರು. 2025ರ ಜೂನಿನಲ್ಲಿ ಹೊರಡುವುದೆಂದಾಯಿತು, ಬಾಡಿಗೆ ಮನೆಗೆ. ಕುಂಡದಲ್ಲಿ ಆಳೆತ್ತರ ಬೆಳೆದಿದ್ದ ಕರಿಬೇವನ್ನು ಒಯ್ಯುವಂತಿರಲಿಲ್ಲ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲೂ ನೆಲೆಸುವುದರಿಂದ ಆ ಗಿಡವನ್ನು ರಾಜ್ಯದಾಚೆ ಸಾಗಿಸಲು ನಿರ್ಬಂಧವಿದೆ. ಅದು ಮೂವರು ಗೆಳತಿಯರಲ್ಲಿ ಒಬ್ಬರ ಮನೆ ಸೇರಿತು.

ನನ್ನ ಪರವಾನಗಿ ಕ್ಯಾಲಿಫೋರ್ನಿಯಾದ್ದು. ಅವರು ಟೆಕ್ಸಾಸ್ ನಿವಾಸಿಗಳಾದ ಮೇಲೆ ವಿಡಿಯೊ ಮೂಲಕವೂ ನಾನು ಆಪ್ತಸಲಹೆ ಮುಂದುವರಿಸುವಂತಿಲ್ಲವೆಂದು ಮೊದಲೇ ತಿಳಿಸಿ, ಅಲ್ಲಿನ ಪರವಾನಗಿಯಿರುವವರನ್ನು ಹುಡುಕುವ ಬಗೆಯನ್ನು ಹೇಳಿದ್ದೆ. ಕೊನೆಯ ಭೇಟಿಗೆ ಪತಿ ಮತ್ತೆ ಆ ಹಾಳೆಯನ್ನು ತಂದಿದ್ದರು, ಆಸ್ತಿ ತೆರಿಗೆಯ ಸಾಲನ್ನು ಸೇರಿಸಿ. ಮೂವತ್ತೇಳನೆಯ ಸಾಲನ್ನು ಅಳಿಸಿರಲಿಲ್ಲ. ‘2012’ ಇದ್ದಲ್ಲಿ ‘ಮಾವನವರ ಆಪರೇಷನ್’ ಎಂದಿತ್ತು. ಮುಂದೆ ಅಂದು ಕಳಿಸಿದ್ದ ಹಣ ಎಷ್ಟೋ ಅಷ್ಟೇ, ಕಪ್ಪು ಅಕ್ಷರದಲ್ಲಿ.